ಕರೆದ ಮೇಲೆ ಬೇಡ ಅನ್ನುವುದು

ಹೊಗೆಸೊಪ್ಪು ಮುರಿಯುವ ಕಾಲ. ಬೆಟ್ಟದಪುರದ ಹತ್ತಿರ, ಸೊಪ್ಪು ಒಣಗಿಸಿ ಹದ ಮಾಡುವ ನಮ್ಮ ಬ್ಯಾರನ್ನಿಗೆ ಅಂಟಿಕೊಂಡ ಕೋಣೆಯಲ್ಲಿ ಕೂತು ನಾನು ಮೈಸೂರಿನ ಲ್ಯಾಬಿನ ಯಂತ್ರಗಳ ಜೊತೆ ಲ್ಯಾಪ್‌ಟಾಪಿನಲ್ಲೇ ಗುದ್ದಾಡುತ್ತಿದ್ದೆ. ಆ ತಿಂಗಳೊಳಗೆ ಪ್ರಬಂಧ ಕೊಡದಿದ್ದರೆ ನನ್ನ ಪಿಎಚ್‌ಡಿ ನೋಂದಣಿ ರದ್ದಾಗುತ್ತಿತ್ತು.

ನನ್ನ ವಿಷಯ ಕಂಪ್ಯೂಟರಿಗೆ ಬರೆಯುವ ತರ್ಕದ ಭಾಷೆ. ಅದರಲ್ಲಿ ನಾವು ನಿಯಮಗಳನ್ನಷ್ಟೇ ಬರೆಯುತ್ತೇವೆ. ಯಂತ್ರ ಒಂದು ಉತ್ತರ ಊಹಿಸಿ ಮುಂದೆ ಹೋಗುತ್ತದೆ. ತಪ್ಪೆನಿಸಿದರೆ ಹಿಂದಕ್ಕೆ ಬಂದು, ಊಹೆ ಅಳಿಸಿ, ಬೇರೆಯದು ಹಿಡಿಯುತ್ತದೆ. ಒಂದೇ ಯಂತ್ರದಲ್ಲಿ ಇದು ಸಲೀಸು. ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿದ ಮೇಲೂ ಹಿಂದಕ್ಕೆ ಬರುವಂತೆ ಭಾಷೆಯನ್ನು ಬೆಳೆಸುತ್ತೇನೆಂದು ನಾನು ಹೊರಟಿದ್ದೆ. ಪ್ರತಿ ಸಲವೂ ಯಾವುದೋ ಒಂದು ಯಂತ್ರ, ಉಳಿದವು ಅಳಿಸಿದ ಊಹೆಯನ್ನೇ ನಂಬಿಕೊಂಡು ದುಡಿಯುತ್ತಿತ್ತು. ಎಲ್ಲಿ ತಪ್ಪಿತೆಂದು ತಿಳಿಸುವ ಒಂದು ಸಾಲೂ ತೆರೆಯ ಮೇಲೆ ಬರುತ್ತಿರಲಿಲ್ಲ. ಬೇರೆಯವರು, ಒಮ್ಮೆ ಹೇಳಿದ್ದನ್ನು ಅಳಿಸುವಂತೆಯೇ ಇಲ್ಲ ಎಂಬ ಭಾಷೆಗಳನ್ನು ಕಟ್ಟಿ ಈ ಕಾಟ ತಪ್ಪಿಸಿಕೊಂಡಿದ್ದರು. ನನಗದು ಸೋಲೆನಿಸಿತ್ತು.

ಆ ವಾರ ಒಂದು ದಿನಕ್ಕೆ ಅತ್ತಿಗೆ ಸೊಪ್ಪು ಕಟ್ಟಲು ಮುಯ್ಯಾಳು ಕರೆದಿದ್ದರು. ಇವತ್ತು ಅವರು ನಮಗೆ, ನಾಳೆ ನಾವು ಅವರಿಗೆ. ಮಳೆ ಬಂತು, ಹಿಂದಿನ ಸಂಜೆಯೋ, ಅವತ್ತು ಬೆಳಿಗ್ಗೆಯೋ, ಈಗ ಖಾತ್ರಿಯಿಲ್ಲ. ಅಂಟು ತೊಳೆದುಹೋದ ಸೊಪ್ಪು ಮುರಿಯುವಂತಿಲ್ಲವೆಂದು ಅತ್ತಿಗೆ ಎಲ್ಲರಿಗೂ ಫೋನ್ ಮಾಡಿ ಬೇಡ ಅಂದರು. ಕೊನೆಮನೆ ಚಿಕ್ಕವ್ವನ ಫೋನು ಮಾತ್ರ ಹತ್ತಲಿಲ್ಲ. ಕಂಪಲಾಪುರದ ಮಗಳ ಮನೆಗೆ ಹೋಗಿದ್ದ ಅವರು ಬಸ್ಸಿಳಿದವರೇ ಸೀದಾ ನಮ್ಮ ಬ್ಯಾರನ್ನಿಗೆ ಬಂದುಬಿಟ್ಟರು.

"ಇವತ್ತು ಕೆಲ್ಸ ಇಲ್ಲ ಕಣ್ ಚಿಕ್ಕವ್ವ," ಅಂದರು ಅತ್ತಿಗೆ.

"ಅದ ನಂಗ್ಯಾಕ್ ಏಳ್ತೀಯ? ಕರ್ದೋಳು ನೀನು, ಬಂದೋಳು ನಾನು. ನೀ ಬಂದು ಮುಯ್ಯಿ ತೀರ್ಸು."

"ಒಂದ್ ಎಲೆನೂ ಮುಟ್ಟಿಲ್ವಲ್ಲ!"

"ನಿಮ್ಮನೆಗೆ ಬತ್ತೀನಿ ಅಂತ ಪಕ್ಕದೋರ್ಗೆ ಬರಕ್ಕಿಲ್ಲ ಅಂದೆ. ಅವ್ರು ಇನ್ಯಾರ್ನೋ ಕರ್ಕಂಡ್ರು. ಅವ್ರೂ ಇನ್ನೊಬ್ರಿಗೆ ಬರಕ್ಕಿಲ್ಲ ಅಂದವ್ರೆ. ಈಗ ಯಾರ್ಯಾರ ಮನೆ ಬಾಗ್ಲಿಗೋಗಿ ಸುಳ್ಳಾಯ್ತು ಅನ್ಲಿ?" ಕಾಫಿ ಲೋಟ ಇಸಕೊಂಡು ನನ್ನ ಕಡೆ ತಿರುಗಿದರು: "ನಿಂದೇನ್ಲಾ, ಮಿಷಿನ್ನು ಓಡ್ತಾ?"

"ಇಲ್ಲ."

"ಅದೂ ನಿಮ್ಮತ್ಗೆ ತರಾನೇ ಬುಡು, ಕರ್ದು ಬ್ಯಾಡ ಅಂತದೆ."

ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ನನ್ನ ಯಂತ್ರಗಳಲ್ಲೂ ತಲುಪದ ಒಂದು ಸಂದೇಶವನ್ನು ಹೇಗೋ ತಲುಪಿಸಬಹುದಿತ್ತು. ಆದರೆ ಅಷ್ಟರಲ್ಲಿ ಆ ಊಹೆಯ ಮೇಲೆ ಬೇರೆ ಯಂತ್ರಗಳು ಕಟ್ಟಿಕೊಂಡದ್ದನ್ನೆಲ್ಲ ಹುಡುಕಿ ಬಿಚ್ಚುತ್ತಾ ಹೋದರೆ, ಲೆಕ್ಕ ಮಾಡುವುದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಬೇಕಿತ್ತು. ಇದು ಚಿಕ್ಕವ್ವನಿಂದ ಹೊಳೆಯಿತೆಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ತಿಂಗಳುಗಳಿಂದ ಗೊತ್ತಿದ್ದೂ ಒಪ್ಪದೆ ಕೂತಿದ್ದೆ ಎನ್ನುವುದು ಹೆಚ್ಚು ನಿಜವಿರಬೇಕು.

ಗೈಡ್‌ಗೆ ಫೋನ್ ಮಾಡಿ, ಹಿಂದಕ್ಕೆ ಬರುವುದನ್ನು ಕೈಬಿಡುತ್ತೇನೆ ಅಂದೆ.

"ಮತ್ತೆ ನಿಮ್ದೂ ಅಂತ ಅದ್ರಲ್ಲಿ ಉಳಿಯೋದೇನ್ರೀ?" ಅಂದರು.

ಮಳೆ ಬಿಟ್ಟ ಮೇಲೆ ಅತ್ತಿಗೆ ಗೊಣಗುತ್ತಲೇ ಚಿಕ್ಕವ್ವನ ಬ್ಯಾರನ್ನಿಗೆ ಹೋದರು, ಆಗದ ಕೆಲಸದ ಮುಯ್ಯಿ ತೀರಿಸಲು. ನಾನು ಪ್ರಬಂಧದ ನಡುವಿನ ದೊಡ್ಡ ಅಧ್ಯಾಯ ತೆಗೆದುಹಾಕಿದೆ. ಉಳಿದದ್ದು ತೀರಾ ತೆಳ್ಳಗಿತ್ತು. ಅದನ್ನೇ ಕಳಿಸಿದೆ.