ಮೇವಿಸ್ ಅಜ್ಜಿ ಕಣ್ಣಾರೆ ಕಂಡ ಗೋಲು

ನಮ್ಮ ಕ್ಲೆಗ್‌ಶಾ ಟೌನ್ ಫುಟ್‌ಬಾಲ್ ತಂಡದ ಮೈದಾನದಲ್ಲಿ ಚಹಾದ ಗೂಡಿನ ಕಿಟಕಿ ಆಟದ ಕಡೆಗಿಲ್ಲ, ಕಾರು ನಿಲ್ಲಿಸುವ ಕಡೆಗಿದೆ. ಚಹಾಕ್ಕೆ ನಿಂತವರ ಸಾಲು ಆಟ ನೋಡುವವರಿಗೆ ಅಡ್ಡ ಬರಬಾರದಂತೆ. ಹೀಗಾಗಿ, ಅಮ್ಮ ಹುಟ್ಟುವ ಮೊದಲಿನಿಂದ ಆ ಗೂಡಿನಲ್ಲಿ ಚಹಾ ಬಗ್ಗಿಸುತ್ತ ಬಂದ ನನ್ನ ಅಜ್ಜಿ ಮೇವಿಸ್ ಒಂದೇ ಒಂದು ಗೋಲನ್ನೂ ನೋಡಿರಲಿಲ್ಲ. ಕೂಗು ಕೇಳಿ, ಕೈ ಒರೆಸಿಕೊಂಡು ಮೂಲೆ ತಿರುಗುವಷ್ಟರಲ್ಲಿ ಚೆಂಡು ಮತ್ತೆ ನಡುಗೆರೆಗೆ ಬಂದಿರುತ್ತಿತ್ತು. ಆದರೆ ಕೂಗಿನಲ್ಲೇ ಅವಳಿಗೆ ತಿಳಿಯುತ್ತಿತ್ತು: ಹೊಟ್ಟೆಯಿಂದ ಬಂದರೆ ನಮ್ಮದು, ನಾಲ್ಕು ಚಪ್ಪಾಳೆ ಬಿದ್ದು ತಣ್ಣಗಾದರೆ ಅವರದು.

ತಾತ ಅವಳಿಗೆ ಸಿಕ್ಕಿದ್ದೂ ಆ ಕಿಟಕಿಯಲ್ಲೇ. ಚಹಾ ಕಂಡರಾಗದ ಮನುಷ್ಯ ಒಂದೇ ಮಧ್ಯಂತರದಲ್ಲಿ ಮೂರು ಸಲ ಸಾಲಿಗೆ ಬಂದನಂತೆ. ಅಮ್ಮ ಲಿನೆಟ್ ಅಕ್ಷರ ಕಲಿತದ್ದು, ನಾನು ಮಾಂಸ ತುಂಬಿದ ಪೈಗಳ ಮುರುಕು ತಿಂದು ಕೆನ್ನೆ ಬೆಳೆಸಿದ್ದು, ಎಲ್ಲ ಅದೇ ಕಿಟಕಿಯ ಕಟ್ಟೆಯ ಕೆಳಗೆ. ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತೆಂದರೂ ತಪ್ಪಿಲ್ಲ. ಈಗ ಹಾಸಿಗೆ ಗೋದಾಮಿನಲ್ಲಿ ದುಡಿಯುತ್ತೇನೆ. ದಿನವಿಡೀ ಹಾಸಿಗೆ ಹೊತ್ತರೂ ನಿದ್ದೆ ಮಾಡುವಂತಿಲ್ಲ.

ಹುಟ್ಟುಹಬ್ಬಕ್ಕೆ ಏನು ಬೇಕೆಂದು ಅಮ್ಮ ಕೇಳಿದಾಗ ಅಜ್ಜಿ ಬಟಾಣಿ ಬೇಯಿಸುತ್ತಲೇ ಹೇಳಿದಳು:

"ಒಂದು ಗೋಲು ನೋಡ್ಬೇಕು ಕಣೆ. ನಮ್ದೇ ಆಗ್ಬೇಕಂತೇನಿಲ್ಲ. ನಮ್ಮವ್ರನ್ನ ನಂಬ್ಕೊಂಡು ಕೂತ್ರೆ ಆಯಸ್ಸು ಸಾಲಲ್ಲ."

ಗೂಡನ್ನು ನಾನು ನೋಡಿಕೊಳ್ಳುತ್ತೇನೆಂದು ಎದೆ ತಟ್ಟಿದೆ. ಶನಿವಾರ ಮನೆಮಂದಿಯೆಲ್ಲ ಹೊರಟೆವು. ಅಜ್ಜಿ ಚರ್ಚಿಗೆ ಹಾಕುವ ಕೋಟು ತೊಟ್ಟಿದ್ದಳು. ಬಿಸಿನೀರಿನ ಹಂಡೆಯನ್ನೂ ಪೈ ಕಾಯಿಸುವ ಪೆಟ್ಟಿಗೆಯನ್ನೂ ಒಟ್ಟಿಗೆ ಹಾಕಬೇಡ, ಕರೆಂಟು ಹೋಗುತ್ತದೆ ಎಂದು ದಾರಿಯುದ್ದಕ್ಕೂ ಹೇಳಿದಳು. ನಾನು ದಾರಿಯುದ್ದಕ್ಕೂ ತಲೆಯಾಡಿಸಿದೆ.

ಮೊದಲರ್ಧ ಗೋಲಿಲ್ಲದೆ ಕಳೆಯಿತು. ಮಧ್ಯಂತರದಲ್ಲಿ ಸಾಲು ಗೇಟಿನವರೆಗೆ ಬೆಳೆದಾಗ ನಾನು ಎರಡನ್ನೂ ಒಟ್ಟಿಗೆ ಹಾಕಿದೆ. ಗೂಡು ಕತ್ತಲಾಯಿತು. ಆಟ ಮತ್ತೆ ಶುರುವಾದರೂ ಸಾಲು ಕದಲಲಿಲ್ಲ. ಎಲ್ಲರ ಮುಂದೆ ನಿಂತಿದ್ದ ಮುದುಕ ನಾರ್ಮನ್, ಅವಸರವೇನಿಲ್ಲ, ಬೇಸಿಗೆಯಲ್ಲಿ ಬಂದು ಕುಡಿಯುತ್ತೇನೆ ಎಂದ.

ಅಷ್ಟರಲ್ಲಿ ಮೂಲೆಯಲ್ಲಿ ಆ ಕೋಟು ಕಾಣಿಸಿತು. ಚಹಾ ನಿಂತದ್ದು ಅವಳಿಗೆ ಹೇಗೆ ತಿಳಿಯಿತೋ.

"ಹೋಗಜ್ಜಿ, ನಾನ್ ನೋಡ್ಕೋತೀನಿ," ಎಂದೆ.

"ನೀನು ನೋಡ್ಕೊಂಡಿದ್ದು ಕಾಣ್ತಾ ಇದೆಯಲ್ಲ ಮಗಾ."

ಒಳಬಂದು, ಪೈ ಪೆಟ್ಟಿಗೆಯ ತಂತಿ ಕಿತ್ತು, ಗೋಡೆಯ ಮೇಲಿನ ಗುಂಡಿ ಒತ್ತಿದಳು. ದೀಪ ಬಂತು. ಅಭ್ಯಾಸಬಲ, ಕೈ ಲೋಟಗಳ ಕಡೆ ಹೋಯಿತು. ನಾನು ಲೋಟ ಕಿತ್ತುಕೊಂಡು ಅವಳನ್ನು ಹೊರಗೆ ದಬ್ಬಿದೆ. ಅಜ್ಜಿಯನ್ನು ದಬ್ಬಿದ್ದು ಅದೇ ಮೊದಲು. ಅವಳು ಮೂಲೆ ತಿರುಗಿ ಮರೆಯಾದಳೋ ಇಲ್ಲವೋ, ಕೂಗೆದ್ದಿತು.

ಹಾಲು ಬಗ್ಗಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಹೊಟ್ಟೆಯದೋ ಚಪ್ಪಾಳೆಯದೋ ನನಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅವಳು ನನಗಾಗಿ ಬಿಸಿ ಮಾಡಿದ್ದನ್ನೆಲ್ಲ ನೆನೆದೆ. ಅದಕ್ಕೆ ಪ್ರತಿಯಾಗಿ ಅವಳ ಒಂದೇ ಒಂದು ಗೋಲನ್ನು ನಾನು ಕುದಿಸಿ ಚೆಲ್ಲಿಬಿಟ್ಟೆನೇ?

ಸ್ವಲ್ಪ ಹೊತ್ತಿಗೆ ಅಜ್ಜಿ ಬಂದಳು. ಬಂದವಳು ಸಾಲಿನ ಕೊನೆಯಲ್ಲಿ ನಿಂತಳು. ಮುಂದೆ ಬಾ ಎಂದು ಎಲ್ಲರೂ ಕರೆದರೂ ಬರಲಿಲ್ಲ. ಸಾಲು ಮುರಿದವರಿಗೆ ಅವಳೇ ಎಂದೂ ಚಹಾ ಕೊಟ್ಟವಳಲ್ಲ. ನಾನು ಆಯುಷ್ಯದಲ್ಲೇ ಅಷ್ಟು ಬೇಗ ಚಹಾ ಬಗ್ಗಿಸಿದ್ದಿಲ್ಲ. ಕೊನೆಗೆ ಅವಳ ಮುಖ ಕಿಟಕಿಗೆ ಬಂತು.

"ನೋಡಿದ್ಯಾ?"

"ನೋಡ್ದೆ."

"ಹೆಂಗಿತ್ತು?"

"ಅವ್ರ ಹುಡುಗನ ಮೊಣಕಾಲಿಗೆ ಬಡಿದು, ಉರುಳ್ಕೊಂಡು ತಾನೇ ಒಳಗೋಯ್ತು. ಆ ಸದ್ದಿಗೆ ನಾನು ಇನ್ನೂ ದೊಡ್ಡದಿರತ್ತೆ ಅಂದ್ಕೊಂಡಿದ್ದೆ." ಕೋಟಿನ ಕಾಲರು ಸರಿಮಾಡಿಕೊಂಡು ಸೇರಿಸಿದಳು, "ನಮ್ದೇ."

ಅವಳ ಕಣ್ಣುಗಳು ಒದ್ದೆಯಾಗಿದ್ದವು. ಗಾಳಿ ಜೋರು ಎಂದಳು. ಹೌದು ಎಂದೆ.

ಆ ಕಿಟಕಿಯ ಹೊರಗೆ ನಿಂತು ಅಜ್ಜಿ ಚಹಾ ಕುಡಿದದ್ದು ಅದೇ ಮೊದಲು. ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದಳು.

"ಬಿಸಿಯಾಗಂತೂ ಇದೆ," ಎಂದಳು. ಲೋಟ ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದಳು.