ಚೆಲ್ಲಮ್ಮಾಳ್ ಕಟ್ಟಿದ ಮುಡಿಪು

ಚೆಲ್ಲಮ್ಮಾಳ್ ಬಗ್ಗೆ ಹೇಳಲೇಬೇಕು. ಕಬ್ಬಿಣದ ಬೀರುವಿಗಿಂತ ಮಗುವಿನ ಉಸಿರು ದೊಡ್ಡದು ಎಂದು ತಮಿಳು ಸೀಮೆಯ ಕಂಬಂ ಊರಿನಲ್ಲಿ ಹೇಳಿದವಳು ಆಕೆಯೊಬ್ಬಳೇ. ಓದಿದವರು, ಇಸ್ತ್ರಿ ಪಂಚೆಯವರು, ಎಲ್ಲರೂ ಬೀರುವಿನ ಕಡೆಗೇ ನಿಂತಿದ್ದರು.

ಇದು ಹೋದ ವರ್ಷ, ತೊಂಬತ್ತೆಂಟರ ಆಡಿ, ಅಂದರೆ ಆಷಾಢ ತಿಂಗಳ ಮಾತು. ಚೆಲ್ಲಮ್ಮಾಳಿಗೆ ಊರ ಹೊರಗೆ ಸಣ್ಣದೊಂದು ದ್ರಾಕ್ಷಿ ತೋಟ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಬೈಯುವಾಗ ಎರಡೂ. ಮಗಳ ಮಗಳು ಯುವಶ್ರೀ ನಾಲ್ಕನೇ ಕ್ಲಾಸು. ಆ ಮಗುವಿಗೆ ಉಬ್ಬಸ. ದ್ರಾಕ್ಷಿ ಬಳ್ಳಿಗೆ ರೋಗ ಬರದಂತೆ ಗಂಧಕದ ಪುಡಿ ಉದುರಿಸುತ್ತಾರಲ್ಲ, ಅದು ಗಾಳಿಗೆ ಎದ್ದರೆ ಸಾಕು, ಎದೆಯೊಳಗೆ ಬೆಕ್ಕು ಕೂತ ಹಾಗೆ ಗೊರಗೊರ. ತೇನಿಯ ಡಾಕ್ಟರು ಬಾಯಿಗಿಟ್ಟು ಎಳೆಯುವ ನೀಲಿ ಪಂಪು ಕೊಟ್ಟಿದ್ದರು. ಸದಾ ಮಗುವಿನ ಹತ್ತಿರವೇ ಇರಲಿ ಎಂದಿದ್ದರು.

ಶಾಲೆಯ ಮೂರು ಕಡೆ ದ್ರಾಕ್ಷಿ ತೋಟ. ಒಳಗೆ ಹೆಡ್‌ಮಾಸ್ಟರ್ ರಾಜೇಂದ್ರನ್. ಯಾವುದರಿಂದ ಹೆಚ್ಚು ಉಸಿರು ಕಟ್ಟುತ್ತಿತ್ತು ಎಂದು ಹೇಳುವುದು ಕಷ್ಟ. ಅವನೂ ಚೆಲ್ಲಮ್ಮಾಳಿನ ಜನವೇ, ದೂರದ ಸಂಬಂಧದಲ್ಲಿ ಅಣ್ಣನ ಮಗ. ಮಗುವಿನ ಚೀಲದಲ್ಲಿ ಪಂಪು ಕಂಡವನೇ ಅದನ್ನು ಕಿತ್ತುಕೊಂಡು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಚೆಲ್ಲಮ್ಮಾಳ್ ಕೇಳಲು ಹೋದಳು.

"ಮಕ್ಳ ಕೈಲಿ ಮದ್ದು ಇರಬಾರ್ದು ಅತ್ತೆ. ಅದು ಸಟ್ಟಂ, ಕಾನೂನು."

"ಯಾವ ಸರ್ಕಾರ ಮಾಡಿದ ಸಟ್ಟಂ ಅಳಿಯಾ? ತೋರ್ಸು ನೋಡಾನ."

"ಮೇಲಿಂದ ಹೇಳವ್ರೆ."

"ಮೇಲಿಂದ ಅಂದ್ರೆ? ಮಾಳಿಗೆಯಿಂದ್ಲಾ?"

ರಾಜೇಂದ್ರನ್ ನಗಲಿಲ್ಲ. "ಉಸಿರ್ ಕಟ್ಟಿದ್ರೆ ಮಗು ಕೈ ಎತ್ತಿ ಟೀಚರ್‌ಗೆ ಹೇಳ್ಲಿ. ಟೀಚರ್ ನಂಗ್ ಹೇಳ್ತಾರೆ. ನಾನ್ ಬಂದು ಬೀರು ತೆಗೀತೀನಿ."

"ಉಸಿರೇ ಇಲ್ದೋಳು ಹೆಂಗ್ ಹೇಳ್ತಾಳೆ?"

ಅವನ ಕೈಯಲ್ಲಿ ಬೀಗದ ಕೈ ಇತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಆ ಕಡೆ ಆಡಿ ತಿಂಗಳಲ್ಲಿ ಗಾಳಿ ಏಳುವ ಮುಂಚೆ, ನಸುಕಿನಲ್ಲೇ ಗಂಧಕ ಉದುರಿಸಿ ಮುಗಿಸುವುದು ರೂಢಿ. ಶಾಲೆಯ ಪಕ್ಕದ ತೋಟದ ಕರುಪ್ಪಯ್ಯ ಒಂದು ದಿನ ತಡವಾಗಿ ಎದ್ದ. ತಡವಾಗಿ ಎದ್ದವನು ತಡವಾಗಿಯೇ ಉದುರಿಸಿದ. ಗಾಳಿ ಆ ಹಳದಿ ಪುಡಿಯನ್ನೆಲ್ಲ ಎತ್ತಿ ನಾಲ್ಕನೇ ಕ್ಲಾಸಿನ ಕಿಟಕಿಗೆ ಸುರಿಯಿತು. ಯುವಶ್ರೀ ಬೆಂಚಿನ ಮೇಲೆ ಬಗ್ಗಿಬಿಟ್ಟಳು. ಹೆಡ್‌ಮಾಸ್ಟರ್ ಚಿನ್ನಮನೂರಿನಲ್ಲಿ ಯಾರದೋ ಮನೆಯ ಆಡಿ ಹಬ್ಬದ ಊಟಕ್ಕೆ ಹೋಗಿದ್ದ. ಬೀಗದ ಕೈಯೂ ಅವನ ಸೊಂಟದಲ್ಲಿ ಊಟಕ್ಕೆ ಹೋಗಿತ್ತು.

ಟೀಚರ್ ಅಮುದಾ ತೋಟಕ್ಕೆ ಓಡಿ ಬಂದಳು. "ಅಮ್ಮಾ, ಮಗೂಗೆ ಆಗ್ತಿಲ್ಲ. ಬೀರು ಒಡೆಯೋಕೆ ನಂಗೆ ಅಧಿಕಾರ ಇಲ್ಲ."

"ನಂಗೈತೆ," ಎಂದು ಚೆಲ್ಲಮ್ಮಾಳ್ ಗುಂಡಿ ತೋಡುವ ಹಾರೆ ಎತ್ತಿಕೊಂಡಳು.

ಹೋಗಿ ನೋಡಿದರೆ ಮಗುವಿನ ತುಟಿ ನೀಲಿ. ಇಬ್ಬರು ಮೇಷ್ಟ್ರುಗಳು ಹಾಜರಿ ಪುಸ್ತಕದಿಂದ ಗಾಳಿ ಬೀಸುತ್ತಿದ್ದರು. ಚೆಲ್ಲಮ್ಮಾಳ್ ಬೀರುವಿನ ಸಂದಿಗೆ ಹಾರೆ ಕೊಟ್ಟು ಮೀಟಿದಳು. "ಪೈಂಟ್ ಹೋಗುತ್ತೆ, ಪೈಂಟ್," ಎಂದ ಒಬ್ಬ ಮೇಷ್ಟ್ರು. ಬಾಗಿಲು ಕಿತ್ತು ಬಂತು. ಮಗು ಪಂಪು ಎಳೆಯಿತು. ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು.

ಸಂಜೆ ಚೆಲ್ಲಮ್ಮಾಳ್ ಇನ್ನೂ ಶಾಲೆಯಲ್ಲಿದ್ದಾಗಲೇ ರಾಜೇಂದ್ರನ್ ಎಲೆ ಅಡಿಕೆ ಮೆಲ್ಲುತ್ತ ಬಂದ. ಮಗು ಹೇಗಿದೆ ಎಂದು ಕೇಳಲಿಲ್ಲ. ಬಾಗಿದ ಬಾಗಿಲನ್ನು ಸವರಿ ನೋಡಿದ. ಅದರ ಮೇಲೆ ದಾನ ಕೊಟ್ಟ ದ್ರಾಕ್ಷಿ ವ್ಯಾಪಾರಿಯ ಹೆಸರಿತ್ತು, ಶಾಲೆಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ.

"ಬೀರು ಯಾರ್ ಕೊಟ್ಟಿದ್ದು ಗೊತ್ತಾ ಅತ್ತೆ?"

"ಉಸಿರು ಯಾರ್ ಕೊಟ್ಟಿದ್ದು ಗೊತ್ತಾ ಅಳಿಯಾ?"

"ಹೊಸ ಬೀಗ ಹಾಕಿಸ್ತೀನಿ. ಪಂಪು ಒಳಗೇ ಇರುತ್ತೆ. ಆಗಲ್ಲ ಅಂದ್ರೆ ಮಗೂನ ಬೇರೆ ಪಳ್ಳಿಕೂಡಕ್ಕೆ ಸೇರ್ಸು."

ಬೇರೆ ಶಾಲೆ ಎಂದರೆ ಬಸ್ಸು, ಬಸ್ಸೆಂದರೆ ಧೂಳು. ಆ ರಾತ್ರಿ ಚೆಲ್ಲಮ್ಮಾಳ್ ದೇವರ ಗೂಡಿನ ಮುಂದೆ ಕೂತಳು. ಅವಳ ಜನ ಹರಕೆ ಹೊತ್ತರೆ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಇಡುತ್ತಾರೆ. ಮಗುವಿನ ಹರಕೆಯಾದರೆ ಮಗುವಿನ ಮೈಗೇ ಕಟ್ಟುವುದೂ ಉಂಟು. ಕಟ್ಟಿದವರು ಬಿಚ್ಚಬಹುದು, ಕಟ್ಟಿಸಿಕೊಂಡವರು ಬಿಚ್ಚಬಹುದು. ಬೇರೆ ಕೈ ತಾಗಿದರೆ ಹರಕೆಯ ಪಾಪ ಆ ಕೈಗೆ.

ಅವಳು ಒಂದು ರೂಪಾಯಿಯ ಜೊತೆ ಪಂಪನ್ನೂ ಹಳದಿ ಬಟ್ಟೆಯಲ್ಲಿಟ್ಟಳು. "ಸುಳ್ಳಲ್ಲ ಸಾಮಿ," ಎಂದಳು. "ಉಸಿರು ನಿಂದು. ಅದ ಕಾಯೋ ಮದ್ದೂ ನಿಂದೇ. ಮಗು ದೊಡ್ಡೋಳಾಗ್ಲಿ, ಕಾಸು ತಂದ್ ಹಾಕ್ತೀನಿ." ಗಂಟು ಬಿಗಿದಳು.

ಬೆಳಿಗ್ಗೆ ಅಜ್ಜಿ ಮೊಮ್ಮಗಳನ್ನು ಶಾಲೆಯ ಗೇಟಿನಲ್ಲೇ ರಾಜೇಂದ್ರನ್ ತಡೆದ. "ಮಗು ಕುತ್ತಿಗೇಲಿ ಏನದು?"

"ಮುಡಿಪು. ಕುಲದೇವ್ರದು."

"ಒಳಗೇನೈತೆ?"

"ಬಿಚ್ಚಿ ನೋಡ್ಕೊ ಅಳಿಯಾ. ನಾನ್ ಬೇಡ ಅನ್ನಲ್ಲ. ನಿನ್ ಕೈ, ನಿನ್ ಹೆಂಡ್ತಿ ಮಕ್ಳು, ನಿನ್ನಿಷ್ಟ."

ಒಳಗೇನಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ಆ ಕೈ ಕನ್ನಡಕ ಸರಿಮಾಡಿಕೊಂಡಿತು. ಎರಡು ಡಿಗ್ರಿ ಮಾಡಿದ ಕೈ ಅದು. ಮಗುವಿನ ನೀಲಿ ತುಟಿಗೆ ಕರಗದ ಮನುಷ್ಯ ಒಂದು ಮೊಳ ಹಳದಿ ಬಟ್ಟೆಗೆ ಹೆದರಿದ.

ಮತ್ತೆ ಗಾಳಿ ಬೀಸಿದ ದಿನ ಯುವಶ್ರೀ ಕ್ಲಾಸಿನಲ್ಲೇ ಗಂಟು ಬಿಚ್ಚಿದಳು, ಪಂಪು ಎಳೆದಳು, ಗಂಟು ಹಾಕಿಕೊಂಡು ಲೆಕ್ಕ ಮುಂದುವರಿಸಿದಳು. ಬಾಗಿಲಲ್ಲಿ ನಿಂತಿದ್ದ ರಾಜೇಂದ್ರನ್ ಸೂರು ನೋಡಿದ. ಅವನ ಸಟ್ಟಂ ಅಲ್ಲಿಗೆ ಮುಗಿಯಿತು.

ಆಮೇಲೆ ಉಬ್ಬಸದ ಬೇರೆ ಮಕ್ಕಳ ತಾಯಂದಿರೂ ಚೆಲ್ಲಮ್ಮಾಳ್ ಹತ್ತಿರ ಹಳದಿ ಬಟ್ಟೆ ಕಟ್ಟಿಸಿಕೊಂಡು ಹೋದರು. ಮೊನ್ನೆ ಪೋಷಕರ ಸಭೆಯಲ್ಲಿ ಹೆಡ್‌ಮಾಸ್ಟರ್ ಎದೆಯುಬ್ಬಿಸಿ ಹೇಳಿದ್ದು, ತನ್ನ ಶಾಲೆಯ ಮಕ್ಕಳಲ್ಲಿ ದೈವಭಕ್ತಿ ಬೆಳೆಯುತ್ತಿದೆಯಂತೆ. ಬೀರು ಅವನ ಬೆನ್ನ ಹಿಂದೆಯೇ ಇತ್ತು. ಹೊಸ ಬೀಗ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ.

ಕಂಬಂ ಕಡೆ ಹೋದರೆ ಚೆಲ್ಲಮ್ಮಾಳನ್ನು ನೋಡಿ ಬನ್ನಿ. ದ್ರಾಕ್ಷಿ ಚಪ್ಪರದ ಕೆಳಗೆ ಗೊಂಚಲು ಬಿಡಿಸುತ್ತಿರುತ್ತಾಳೆ. ಉಬ್ಬಸದ ಮಗು ಮನೆಯಲ್ಲಿದ್ದರೆ ಕರೆದುಕೊಂಡೇ ಹೋಗಿ. ಮೇಷ್ಟ್ರಾಗಿದ್ದರೆ ಮಾತ್ರ ಬೀಗದ ಕೈ ಮನೆಯಲ್ಲಿ ಬಿಟ್ಟು ಹೋಗಿ. ಹಾರೆ ಅಲ್ಲೇ ಚಪ್ಪರದ ಕಂಬಕ್ಕೆ ಒರಗಿದೆ.