ಪೂಜೆಗೆ ಬಾರದ ಫ್ಲಾಪಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಾಗರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ತರಗತಿಗೆಲ್ಲ ಇದ್ದದ್ದು ಒಂದೇ ಯಂತ್ರ. ಮಾಲೀಕರಿಗೆ ಅದರ ಮೇಲೆ ಭಕ್ತಿಯಿತ್ತು, ತಿಳಿವಳಿಕೆ ಇರಲಿಲ್ಲ. ಆಯುಧಪೂಜೆಯಂದು ಕುಂಕುಮ ಹಚ್ಚಿದ್ದು ಸಾಲದೆ, ಲಾರಿಯನ್ನು ನಿಂಬೆಹಣ್ಣಿನ ಮೇಲೆ ಹರಿಸುವಂತೆ ಇದನ್ನೂ ಓಡಿಸಲೇಬೇಕೆಂದು ಹಟ ಹಿಡಿದರು. ಭಾವಮೈದುನ ಬೆಂಗಳೂರಿನಿಂದ ತಂದಿದ್ದ ಆಟದ ಫ್ಲಾಪಿ ಹಾಕಿ ಯಂತ್ರ ಶುರು ಮಾಡಿದರು. ಆಮೇಲೆ ವಿದ್ಯಾರ್ಥಿಗಳ ಫ್ಲಾಪಿಗಳನ್ನೂ ಒಂದೊಂದಾಗಿ ಅದರಲ್ಲಿ ತೂರಿಸಿ ತೆಗೆದರು. ಬೇಡ ಅಂದೆ. ಹಬ್ಬದ ದಿನ ಅಪಶಕುನ ನುಡಿಯಬೇಡಿ ಅಂದರು.

ಹಬ್ಬ ಮುಗಿಸಿ ಬಂದು ನೋಡಿದರೆ, ಯಾವ ಫ್ಲಾಪಿ ಹಾಕಿದರೂ ಪರದೆಯ ಮೇಲೆ ವಿದ್ಯಾರ್ಥಿಗಳು ಅದಕ್ಕಿಟ್ಟ ಹೆಸರಿರಬೇಕಾದ ಜಾಗದಲ್ಲಿ ಯಾರೂ ಬರೆಯದ ಒಂದು ಇಂಗ್ಲಿಷ್ ಪದ ಕೂತಿತ್ತು. ಕಂಪ್ಯೂಟರಿಗೂ ವೈರಸ್ ಬರುತ್ತದೆಂದು ನಾನು ಪತ್ರಿಕೆಯಲ್ಲಿ ಓದಿದ್ದೆ. ಹಾಗೆಂದು ಹೇಳಿದ್ದೇ ತಡ, ಮಾಲೀಕರು ಅಪರಾಧಿಯನ್ನು ಹಿಡಿದೇಬಿಟ್ಟರು. ಹೊಸನಗರದಿಂದ ಬರುತ್ತಿದ್ದ ಹುಡುಗಿ. ಪರವೂರಿನಿಂದ ಫ್ಲಾಪಿ ತರುವವಳು ಅವಳೊಬ್ಬಳೇ, ಇನ್ನೇನು ಸಾಕ್ಷಿ ಬೇಕು? ತರಗತಿಯಿಂದ ಅವಳ ಹೆಸರು ಹೊಡೆದುಹಾಕುತ್ತೇನೆ ಅಂದರು. ಅವಳನ್ನು ಇಷ್ಟು ದೂರ ಕಳಿಸಲು ಅಪ್ಪ ಒಪ್ಪಿದ್ದೇ ಹೆಚ್ಚು. ಒಮ್ಮೆ ಬಿಡಿಸಿದರೆ ಮತ್ತೆ ಕಳಿಸುವವರಲ್ಲ.

"ನಾನು ಪೂಜೆಗೆ ಬಂದೇ ಇಲ್ಲ ಸರ್, ಬಸ್ಸು ಕೆಟ್ಟಿತ್ತು," ಅಂದಳು.

ಅಷ್ಟು ಸಾಕಾಯಿತು. ಅವಳ ಫ್ಲಾಪಿಯ ಅಂಚಿನ ಕಚ್ಚಿಗೆ ಟೇಪ್ ಅಂಟಿಸಿ ಯಂತ್ರಕ್ಕೆ ಹಾಕಿದೆ. ಟೇಪ್ ಇದ್ದರೆ ಯಂತ್ರ ಅದನ್ನು ಓದೀತೇ ಹೊರತು ಅದರ ಮೇಲೆ ಬರೆಯಲಾರದು. ಅವಳಿಟ್ಟ ಹೆಸರು ಹಾಗೇ ಇತ್ತು. ಪೂಜೆ ಕಂಡ ಫ್ಲಾಪಿಗಳಿಗೆಲ್ಲ ರೋಗ, ಕಾಣದ್ದೊಂದು ಶುದ್ಧ. ರೋಗ ಎಲ್ಲಿಂದ ಬಂತೆಂದು ಹೇಳಲು ಇನ್ನು ಜೋಯಿಸರು ಬೇಕೆ? ಖುಷಿಯಿಂದ ಮಾಲೀಕರನ್ನು ಕರೆದು ತೋರಿಸಿದೆ.

"ದೇವರ ಪೂಜೆಯಿಂದ ರೋಗ ಬಂತು ಅಂತೀರಾ ಮೇಷ್ಟ್ರೇ? ಎಂಥದೋ ಟೇಪ್ ಹಚ್ಚಿ ಮುಚ್ಚಿಟ್ಟಿದೀರಿ," ಅಂದರು.

ನಾನು ತಡೆಯುವುದರೊಳಗೆ ಟೇಪ್ ಕಿತ್ತು, ಫ್ಲಾಪಿಯನ್ನು ಅದೇ ರೋಗದ ಯಂತ್ರಕ್ಕೆ ತುರುಕಿದರು. ಯಂತ್ರ ಕರಕರ ಅಂದಿತು. ಪರದೆಯ ಮೇಲೆ ಅವಳಿಟ್ಟ ಹೆಸರು ಹೋಗಿ ಆ ದರಿದ್ರ ಪದ ಬಂತು.

"ನೋಡಿ, ಇದರಲ್ಲೇ ಇತ್ತು."

ಇದ್ದ ಒಂದೇ ಸಾಕ್ಷಿಯನ್ನು ಕೈಯಾರೆ ಕೆಡಿಸಿ, ಅದನ್ನೇ ಸಾಕ್ಷಿ ಮಾಡಿಕೊಂಡರು. ವಿವರಿಸಿದೆ, ಬೇಡಿದೆ, ಕೂಗಾಡಿದೆ. ಕೋಣನ ಮುಂದೆ ಕಿನ್ನರಿ. ಈಗ ನೆನೆದರೂ ಮೈ ಉರಿಯುತ್ತದೆ.

ಹುಡುಗಿ ಮಾಲೀಕರ ಕಡೆ ನೋಡಲೂ ಇಲ್ಲ. ನನ್ನ ಹತ್ತಿರ ಬಂದು, "ಅಪ್ಪಂಗೆ ಎಂತ ಹೇಳ್ಲಿ ಸರ್?" ಅಂದಳು.

ಏನು ಹೇಳಿದೆನೋ ನೆನಪಿಲ್ಲ. ಅವಳು ಮತ್ತೆ ಬರಲಿಲ್ಲ.